ಹೊಂಗೆ ಕವಲಿಗೆ ಬಿಳಿ ರಂಗೋಲಿ

ನಮ್ಮೂರ ಪಂಚಾಯ್ತಿ ಕಟ್ಟಡದ ಗೋಡೆಯ ಮೇಲೆ ಹದಿನೆಂಟು ವರ್ಷ ಒಂದು ಸುಳ್ಳು ನಿಂತಿತ್ತು. ಅದನ್ನು ಬರೆದವಳು ನಾನು. ಗೊತ್ತಿದ್ದೇ ಬರೆದೆ — ನನ್ನನ್ನು ನಂಬಿದ ಜಯಮ್ಮನ ಕಡೆಗೆ ಹೋಗಬೇಕಾಗಿದ್ದ ನೀರಿನ ಕಟ್ಟೆಯನ್ನು ನನ್ನ ಹೊಲದ ಕಡೆಗೆ ತಿರುಗಿಸಿಕೊಳ್ಳಲು ಬರೆದೆ.

ಇಷ್ಟು ಬರೆಯುವುದಕ್ಕೆ ಎರಡು ಹಾಳೆ ಹರಿದಿದ್ದೇನೆ. ಮೊದಲನೆಯದರಲ್ಲಿ "ಕೈ ಜಾರಿತು" ಎಂದು ಬರೆದಿದ್ದೆ. ಎರಡನೆಯದರಲ್ಲಿ "ಆಗ ನನಗೆ ಅಷ್ಟು ತಿಳಿವಳಿಕೆ ಇರಲಿಲ್ಲ" ಎಂದಿತ್ತು. ಎರಡೂ ಸುಳ್ಳು. ಸುಳ್ಳು ಒಪ್ಪಿಕೊಳ್ಳಲು ಕೂತವಳು ಮತ್ತೆರಡು ಸುಳ್ಳು ಸೇರಿಸಿದರೆ ಏನು ಚೆಂದ?

ನನ್ನ ಹೆಸರು ನಾಗರತ್ನ. ಕುದೂರಿನಿಂದ ಸೋಲೂರಿಗೆ ಹೋಗುವ ಬಸ್ಸು ಇಳಿದು ಅರ್ಧ ಗಂಟೆ ನಡೆದರೆ ನಮ್ಮೂರು. ಮದುವೆಯಾಗಿ ಬಂದ ಹೆಂಗಸರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದವಳು ಆಗ ನಾನೊಬ್ಬಳೇ. ಹಾಗಾಗಿ ಮಹಿಳಾ ಸಂಘದ ನಡಾವಳಿ ಬರೆಯುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಯಾರೂ ಬಾಯಿ ಬಿಡದ ಸಭೆಗೂ "ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಬರೆದು ಬರೆದು ನನ್ನ ಕೈ ಪಳಗಿಬಿಟ್ಟಿತ್ತು. ಈಗ ಇದನ್ನು ಬರೆಯುತ್ತಿರುವುದು ಅಂಥದ್ದೇ ಹಳೆಯ ನಡಾವಳಿ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ. ಇಲ್ಲಿ ಬರೆಯುವುದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ನಾನು ದುಃಖದಲ್ಲಿ ಬೆಂದುಹೋದ ಹೆಂಗಸು ಎಂದು ಯಾರೂ ಅಂದುಕೊಳ್ಳಬೇಡಿ. ಚೆನ್ನಾಗಿದ್ದೇನೆ. ಎರಡು ಹಸು ಇವೆ, ಮೊಣಕಾಲು ನೋವು ಒಂದಿದೆ, ನಮ್ಮನೆಯವರು ಗಟ್ಟಿಮುಟ್ಟಾಗಿದ್ದಾರೆ. ಅವರೆಕಾಯಿ ಕಾಲದಲ್ಲಿ ದಿನಾ ಸಾರು ಮಾಡಿದರೂ ಬೇಜಾರಿಲ್ಲದೆ ಮುದ್ದೆ ನುಂಗುತ್ತಾರೆ. ರಾತ್ರಿ ತಲೆ ಇಟ್ಟರೆ ನಿದ್ದೆ ಬರುತ್ತದೆ. ಒಮ್ಮೊಮ್ಮೆ ನನಗೆ ಅದೇ ಆಶ್ಚರ್ಯ — ಇಂಥ ಕೆಲಸ ಮಾಡಿಯೂ ಇಷ್ಟು ವರ್ಷ ನಾನು ಹೇಗೆ ಚೆನ್ನಾಗಿ ನಿದ್ದೆ ಮಾಡಿದೆ ಎಂದು. ನನ್ನ ನೆಮ್ಮದಿಯ ಒಂದು ಪಾಲು ಇನ್ನೊಬ್ಬಳದ್ದು ಎನ್ನುವುದು ಗೊತ್ತಿದ್ದೇ ನೆಮ್ಮದಿಯಾಗಿದ್ದೆ.

ಊರ ಮೇಲಿನ ಗುಡ್ಡದ ಎರಡು ಮಗ್ಗುಲಿನಿಂದ ಎರಡು ಕವಲು ಇಳಿದು, ಊರ ಕೆಳಗೆ ಸೇರಿ ಒಂದು ಹಳ್ಳವಾಗುತ್ತವೆ. ನಮ್ಮ ಹೊಲದ ಕಡೆಯದು ಬಂಡೆ ಕವಲು. ಹೆಸರಿಗೆ ತಕ್ಕ ಹಾಗೆ ಬರೀ ಕಲ್ಲು. ಮಳೆ ಬಂದಾಗ ಊರೇ ಕೊಚ್ಚಿಕೊಂಡು ಹೋಗುವಂತೆ ಸದ್ದು ಮಾಡಿ, ದೀಪಾವಳಿ ಹೊತ್ತಿಗೆ ಒಣಗಿ ಕೂತಿರುತ್ತಿತ್ತು. ಜಯಮ್ಮನ ಕಡೆಯದು ಹೊಂಗೆ ಕವಲು. ದಡದ ಉದ್ದಕ್ಕೂ ಹೊಂಗೆ ಮರ, ಕೆಳಗೆ ಮೆತ್ತನೆಯ ಮಣ್ಣು. ಸಂಕ್ರಾಂತಿ ಕಳೆದು ಶಿವರಾತ್ರಿಯವರೆಗೂ ಅಲ್ಲಿ ಪಾದ ಮುಳುಗುವಷ್ಟು ನೀರು ಇರುತ್ತಿತ್ತು. ಇದು ನನಗೆ ಕೇಳಿ ಗೊತ್ತಿದ್ದಲ್ಲ. ನಾನೂ ಜಯಮ್ಮನೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಅವಳು ನನಗಿಂತ ಮೂರು ವರ್ಷ ಚಿಕ್ಕವಳು. ನನ್ನ ಹಿರಿಮಗಳ ತೊಟ್ಟಿಲ ಬಟ್ಟೆ ಒಗೆದದ್ದೇ ಆ ಹೊಂಗೆ ಕವಲಿನಲ್ಲಿ. ಅತ್ತೆಯರನ್ನು ಬೈದುಕೊಳ್ಳುತ್ತಾ ಒಂದೇ ಕಲ್ಲಿನ ಮೇಲೆ ಸರದಿಯಲ್ಲಿ ಬಟ್ಟೆ ಬಡಿಯುತ್ತಿದ್ದೆವು. ಆ ನೀರು ಎಲ್ಲಿಯವರೆಗೆ ಇರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಹದಿನೆಂಟು ವರ್ಷದ ಹಿಂದೆ ಊರಿಗೆ ಜಲಾನಯನ ಯೋಜನೆಯವರು ಬಂದರು. ಹೊಲಗಳಿಗೆ ಬದು ಹಾಕಿಸುತ್ತೇವೆ, ಗಿಡ ಕೊಡುತ್ತೇವೆ, ಒಂದು ಕವಲಿಗೆ ಚೆಕ್‌ಡ್ಯಾಂ ಕಟ್ಟಿಸುತ್ತೇವೆ ಎಂದರು. ಹರಿಯುವ ನೀರಿಗೆ ಅಡ್ಡವಾಗಿ ಗೋಡೆ ಕಟ್ಟಿ ನಿಲ್ಲಿಸಿದರೆ, ಅದು ಇಂಗಿ ಸುತ್ತಲಿನ ಬಾವಿಗಳಲ್ಲಿ ಮೇಲೆ ಬರುತ್ತದೆ. ಚೆಕ್‌ಡ್ಯಾಂ ಒಂದೇ. ಯಾವ ಕವಲಿಗೆ ಎನ್ನುವುದನ್ನು ಊರವರೇ ನಕ್ಷೆ ಬರೆದು ತೋರಿಸಬೇಕು, ಅದೂ ನೆಲದ ಮೇಲೆ, ರಂಗೋಲಿಯಲ್ಲಿ, ಹೆಂಗಸರ ಕೈಯಿಂದ! ಓದು ಬಾರದವರಿಗೂ ಅರ್ಥವಾಗಲಿ ಎಂದು ಅವರ ಲೆಕ್ಕಾಚಾರ. ಬಂದಿದ್ದ ಅಧಿಕಾರಿ ಮೇಡಂ ಒಂದು ವಾರ ಮೊದಲೇ ನಿಯಮ ಹೇಳಿ ಹೋಗಿದ್ದರು. ಸಂಕ್ರಾಂತಿ ದಾಟಿಯೂ ನೀರಿರುವ ಕವಲಿಗೆ ನೀಲಿ ರಂಗೋಲಿ, ದೀಪಾವಳಿಗೇ ಬತ್ತುವುದಕ್ಕೆ ಬಿಳಿ. ನೀಲಿಗೆ ಕಟ್ಟೆ, ಬಿಳಿಗೆ ಇಲ್ಲ.

ಆ ಒಂದು ವಾರ ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

ನಮ್ಮ ಬಾವಿ ಆಗ ಬೇಸಿಗೆಯಲ್ಲಿ ಒಣಗುತ್ತಿತ್ತು. ಬಾವಿಯಲ್ಲಿ ನೀರು ನಿಂತರೆ ಹಿಪ್ಪುನೇರಳೆ ಹಾಕಬಹುದು, ರೇಷ್ಮೆ ಹುಳ ಸಾಕಬಹುದು, ಗೂಡು ತೆಗೆದುಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿ ನಾಲ್ಕು ಜನರ ಮಧ್ಯೆ ನಿಲ್ಲಬಹುದು. ಜಯಮ್ಮ ಆಗಲೇ ಮಳೆ ನೀರನ್ನೇ ನಂಬಿ ಕಾಲು ಎಕರೆ ಹಿಪ್ಪುನೇರಳೆ ಕಡ್ಡಿ ನೆಟ್ಟು ಹುಳ ಸಾಕುತ್ತಿದ್ದಳು. ಅವಳ ಗೂಡು ಚೆನ್ನಾಗಿ ಬರುತ್ತಿತ್ತು. ನನಗೆ ಅದನ್ನು ಕಂಡರೆ ಸಂತೋಷ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಹೊಟ್ಟೆಯುರಿ ಇತ್ತು — ಈಗ ಬರೆದುಬಿಡುತ್ತೇನೆ. ಓದಿದವಳು ನಾನು, ಹುಳ ಸಾಕಿ ಹೆಸರು ಮಾಡಿದವಳು ಅವಳು.

ನಕ್ಷೆ ಬರೆಯುವ ದಿನ ಬಂತು. ಬೇಸಿಗೆ ರಜದ ಕೊನೆ. ಭರಣಿ, ಕೃತ್ತಿಕೆ ಮಳೆ ಹದವಾಗಿ ಬಿದ್ದು ಕಡ್ಡಿಯೆಲ್ಲ ಚಿಗುರಿ ಸೊಪ್ಪಾಗಿತ್ತು. ಹಳ್ಳಗಳಲ್ಲಿ ಮಾತ್ರ ಇನ್ನೂ ಹನಿ ನೀರು ಹರಿದಿರಲಿಲ್ಲ. ಹೊರಗಿನಿಂದ ಬಂದವರ ಕಣ್ಣಿಗೆ ಎರಡು ಕವಲೂ ಒಂದೇ ಥರ ಒಣಗಿದ್ದವು. ಬೆಳಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಜಯಮ್ಮ ಓಡಿ ಬಂದಳು. ಸೆರಗಿಗೆ ಸೊಪ್ಪಿನ ಚೂರು ಅಂಟಿತ್ತು.

"ಅಕ್ಕಾ, ಹುಳ ಹಣ್ಣಾಗ್ಬುಟ್ಟವೆ ಕಣಕ್ಕ! ಇವತ್ತು ಈಚೆಗೆ ಬರಂಗಿಲ್ಲ. ನಮ್ ಕಡೇದೂ ನೀನೇ ಬರ್ದ್ಬುಡು. ನಮ್ ಹಳ್ಳ ನಿಂಗೆ ಗೊತ್ತಿಲ್ದೇ ಇರೋದಾ?"

ರೇಷ್ಮೆ ಕಂಡವರಿಗೆ ಇದು ಗೊತ್ತು. ಹುಳ ಹಣ್ಣಾಗುವುದು ಎಂದರೆ ಮೈ ಹಳದಿಯಾಗಿ, ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಆಡಿಸುತ್ತಾ ಗೂಡಿಗೆ ಜಾಗ ಹುಡುಕುವುದು. ಆಗ ಒಂದೊಂದನ್ನೇ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ನಾಳೆ ಮಾಡೋಣ ಎನ್ನುವ ಹಾಗಿಲ್ಲ. ಮಾಡಿದರೆ ತಿಂಗಳ ದುಡಿಮೆ ಹುಳದ ತಟ್ಟೆಯಲ್ಲೇ ಹಾಳು. ಹೊಂಗೆ ಕಡೆಯ ನಾಲ್ಕು ಮನೆಯವರೂ ಒಟ್ಟಿಗೇ ಹುಳ ತಂದಿದ್ದರು, ನಾಲ್ಕು ಮನೆಯಲ್ಲೂ ಒಂದೇ ದಿನ ಹಣ್ಣಾಗಿದ್ದವು. ಅವರ್ಯಾರೂ ಬರುವ ಹಾಗಿರಲಿಲ್ಲ. ಅವರೆಲ್ಲರ ಪರವಾಗಿ ಅವಳು ನನ್ನ ಕೈಗೆ ಅವರ ಹಳ್ಳವನ್ನು ಒಪ್ಪಿಸಿ ಹೋದಳು. ನಾನು ಪೊರಕೆ ಹಿಡಿದುಕೊಂಡೇ "ಆಯ್ತು ಕಣೆ, ನೀನೋಗು, ಹುಳ ನೋಡ್ಕೊ" ಎಂದೆ.

ಶಾಲೆಯ ಮುಂದಿನ ಅಂಗಳಕ್ಕೆ ಸಗಣಿ ಸಾರಿಸಿದ್ದರು. ನನ್ನ ಕೈಯಿಂದ ಅಂಥ ರಂಗೋಲಿ ಮತ್ತೆ ಬಿದ್ದಿಲ್ಲ, ಅದೊಂದು ಮಾತು ಹೆಮ್ಮೆಯಿಂದಲೇ ಹೇಳುತ್ತೇನೆ. ದಾರಿಗೆ ಇಟ್ಟಿಗೆ ಪುಡಿ, ಮನೆಗಳಿಗೆ ಹುರುಳಿಕಾಳು, ಬಾವಿಗಳಿಗೆ ಬಳೆ ಚೂರು, ತೋಪಿಗೆ ಹಸಿರು ಎಲೆ. ಗುಡ್ಡಕ್ಕೆ ಕೆಮ್ಮಣ್ಣು ಗುಡ್ಡೆ ಮಾಡಿ ನಿಲ್ಲಿಸಿದೆ. ಗಂಡಸರು ಬೀಡಿ ಆರಿಸಿ ಹತ್ತಿರ ಬಂದು ತಮ್ಮ ತಮ್ಮ ಮನೆ ಹುಡುಕತೊಡಗಿದರು. ಮೇಡಂ "ಅಬ್ಬಾ" ಎಂದರು. ಕೊನೆಗೆ ಕವಲುಗಳು ಉಳಿದವು. ಎಡಗೈಯಲ್ಲಿ ನೀಲಿ ಪುಡಿಯ ಬಟ್ಟಲು, ಪಕ್ಕದಲ್ಲಿ ಬಿಳಿಯದು.

ಬಂಡೆ ಕವಲಿಗೆ ನೀಲಿ ಎಳೆದೆ. ಗೆರೆ ಒಂದಿಷ್ಟೂ ನಡುಗಲಿಲ್ಲ.

ಆಮೇಲೆ ಹೊಂಗೆ ಕವಲಿಗೆ ಬಿಳಿ ಎಳೆದೆ. ಮೇಡಂ ಬಗ್ಗಿ ನೋಡಿದರು. ನಾನೇ ಇಟ್ಟಿದ್ದ ಹೊಂಗೆ ಎಲೆಗಳ ಸಾಲನ್ನು ತೋರಿಸಿ ಕೇಳಿದರು: "ಇಲ್ಲಿ ಇಷ್ಟೊಂದು ಮರ ಇದೆಯಲ್ಲಮ್ಮಾ, ನೀರು ನಿಲ್ಲಲ್ವಾ?"

"ಇಲ್ಲ ಮೇಡಂ, ಅದು ದೀಪಾವಳಿಗೇ ಒಣಗೋಯ್ತದೆ."

ಇದೇ ಆ ಮಾತು. ಸುತ್ತ ನಿಂತಿದ್ದವರಲ್ಲಿ ನಿಜ ಗೊತ್ತಿದ್ದವರು ಇದ್ದರು. ಹೆಚ್ಚಿನವರು ನಮ್ಮ ಕಡೆಯ ಹೊಲದವರು, ಯಾರೂ ಬಾಯಿ ಬಿಡಲಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ — ಅವರ ಬೆನ್ನ ಹಿಂದೆ ನಾನು ಅಡಗಿಕೊಂಡಂತಾಗುತ್ತದೆ. ಅವರು ಸುಮ್ಮನಿದ್ದರು, ಹೇಳಿದವಳು ನಾನು. ಸಂಜೆ ನಡಾವಳಿಯನ್ನೂ ನಾನೇ ಬರೆದೆ. ಸರ್ವಾನುಮತದಿಂದ ಒಪ್ಪಲಾಯಿತು.

ನೆಲದ ನಕ್ಷೆ ಕಾಗದಕ್ಕೆ ಹೋಯಿತು. ಮಾಗಡಿಯಿಂದ ಬಂದ ಪೇಂಟರ್ ಕಾಗದ ನೋಡಿಕೊಂಡು ಪಂಚಾಯ್ತಿ ಕಟ್ಟಡದ ಗೋಡೆಗೆ ಅದನ್ನೇ ದೊಡ್ಡದಾಗಿ ಬರೆದ. ಗುಡಿಸಿದರೆ ಹೋಗುವ ರಂಗೋಲಿ, ಮಳೆಗೂ ಹೋಗದ ಆಯಿಲ್ ಪೇಂಟ್ ಆಗಿ ನಿಂತಿತು. ಒಂದು ದಿನ ಅದರ ಮುಂದೆ ಜಯಮ್ಮ ನನ್ನನ್ನು ನಿಲ್ಲಿಸಿಕೊಂಡಳು. ಓದು ಬಾರದಿದ್ದರೂ ತನ್ನ ಹೊಲ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದಳು.

"ಇದು ನಮ್ ಹಳ್ಳ ಅಲ್ವೇನಕ್ಕ? ಯಾಕ್ ಬೆಳ್ಳಗೈತೆ?"

ಆಗಲಾದರೂ ಹೇಳಬಹುದಿತ್ತು. ಕಟ್ಟೆಗೆ ಇನ್ನೂ ಪಾಯ ತೆಗೆದಿರಲಿಲ್ಲ. ನಾನು ಹೇಳಿದ್ದು, "ಆ ಮೇಡಂ ಹಂಗೇ ಬರ್ಕಂಡ್ರು ಕಣೆ" ಎಂದು. ನೋಡಿ — ಮೊದಲನೆಯದನ್ನು ಆಸೆಗೆ ಮಾಡಿದೆ, ಎರಡನೆಯದನ್ನು ಮುಖ ಉಳಿಸಿಕೊಳ್ಳಲು ಮಾಡಿದೆ. ನನಗೆ ಎರಡನೆಯದೇ ಹೆಚ್ಚು ಚುಚ್ಚುತ್ತದೆ. ಏಕೆಂದರೆ ಜಯಮ್ಮ ಅಲ್ಲಿಂದ ಹದಿನೆಂಟು ವರ್ಷ ಆ ಪಾಪದ ಹೆಂಗಸನ್ನು ಬೈದಳು. ಮಳೆ ಕೈಕೊಟ್ಟಾಗಲೆಲ್ಲ "ಆ ಕನ್ನಡಕದ ಮೇಡಂ ಮನೆ ಹಾಳಾಗ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತು ನಾನು ಅಡಿಕೆ ಜಗಿಯುತ್ತಿದ್ದೆ.

ಬಂಡೆ ಕವಲಿಗೆ ಕಟ್ಟೆ ಬಂತು. ಮೊದಲ ಮಳೆಗೇ ತುಂಬಿತು. ಎರಡನೇ ವರ್ಷ ನಮ್ಮ ಬಾವಿಯಲ್ಲಿ ಯುಗಾದಿಯವರೆಗೂ ನೀರು. ಒಂದು ಎಕರೆ ಹಿಪ್ಪುನೇರಳೆ ಹಾಕಿದೆವು, ಹುಳದ ಮನೆ ಕಟ್ಟಿದೆವು. ನಾನು ರಾಮನಗರದ ಮಾರುಕಟ್ಟೆಯಲ್ಲಿ ನಾಲ್ಕು ಜನರ ಮಧ್ಯೆ ನಿಂತೆ. ನಿಂತು ಬಹಳ ಖುಷಿಪಟ್ಟೆ ಕೂಡ. ಆ ಖುಷಿಯನ್ನು ಈಗ ಅಲ್ಲಗಳೆದರೆ ಅದೂ ಇನ್ನೊಂದು ನಾಟಕವಾದೀತು.

ಅದೇ ಹೊತ್ತಿಗೆ ಎರಡು ವರ್ಷ ಮಳೆ ಹಿಂದುಮುಂದಾಗಿ ಜಯಮ್ಮನ ಕಡ್ಡಿ ಒಣಗಿತು. ಅವಳು ಅದನ್ನು ಕಿತ್ತು ರಾಗಿ ಚೆಲ್ಲಿದಳು. ಹುಳ ಸಾಕುವುದು ನಿಂತಿತು. ಅವಳ ತಟ್ಟೆ, ಚಂದ್ರಿಕೆಗಳನ್ನು ಕೊಂಡುಕೊಂಡವಳು ನಾನೇ. ಒಂದು ಬೆಳಗ್ಗೆ ನನ್ನ ತೋಟಕ್ಕೆ ಸೊಪ್ಪು ಕೊಯ್ಯಲು ಕೂಲಿಗೆ ಬಂದವರಲ್ಲಿ ಅವಳೂ ಇದ್ದಳು. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಏನೂ ಆಗದವಳ ಹಾಗೆ ನಕ್ಕು, "ಯಾವ್ ಸಾಲಿಂದ ಶುರು ಮಾಡ್ಲಕ್ಕ?" ಎಂದಳು. ಬೆರಳು ತೋರಿಸಿದೆ. ಅವಳು ಆ ಸಾಲಿಗೆ ಹೋದಳು.

ಮೂರು ವರ್ಷ ಬಂದಳು. ಸೊಪ್ಪು ನೋಡಿದ ಕೂಡಲೇ ಹುಳಕ್ಕೆ ಎಷ್ಟು ಬೇಕು, ಯಾವುದು ಎಳೆಯದು, ಯಾವುದು ಬಲಿತದ್ದು ಎಂದು ನನಗೆ ಕಲಿಸಿದವಳು ಅವಳೇ. ನನ್ನ ಗೂಡು ಚೆನ್ನಾಗಿ ಬರುತ್ತಿದ್ದದ್ದು ಅವಳ ಕಣ್ಣಿನಿಂದ. ಊಟಕ್ಕೆ ಕೂತಾಗ ಅವಳ ತಟ್ಟೆಗೆ ತುಪ್ಪ ಹೆಚ್ಚು ಬಿಡುತ್ತಿದ್ದೆ, ಸೀರೆ ತಂದರೆ ಅವಳಿಗೊಂದು ತರುತ್ತಿದ್ದೆ. ಊರವರು "ನಾಗರತ್ನಂಗೆ ಒಡಹುಟ್ಟಿದವಳಿಗಿಂತ ಹೆಚ್ಚು" ಎಂದರು. ಆ ಹೊಗಳಿಕೆಯನ್ನೂ ತುಪ್ಪದ ಹಾಗೇ ನಾನೇ ನೆಕ್ಕಿಕೊಂಡೆ.

ಜಯಮ್ಮ ಅತ್ತುಕೊಂಡು ಕೂರುವ ಪೈಕಿ ಅಲ್ಲ. ಯೋಜನೆಯವರು ಬಿಟ್ಟರೆ ಬಿಡಲಿ ಎಂದು ಗಂಡ ಹೆಂಡತಿ ಇಬ್ಬರೂ ತಮ್ಮ ಹೊಲಕ್ಕೆ ತಾವೇ ಬದು ಹಾಕಿದರು. ಇಳಿಜಾರಿಗೆ ಅಡ್ಡಲಾಗಿ ಉತ್ತರು. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ ಸಾಲು ಬಿಟ್ಟರು. ಬದುವಿನ ಮೇಲೆ ಹಲಸು, ನುಗ್ಗೆ. ಬಿಡುವಾದಾಗಲೆಲ್ಲ ಹೊಂಗೆ ಕವಲಿಗೆ ಅಲ್ಲಲ್ಲಿ ಕಲ್ಲು ಜೋಡಿಸಿ, ಮೊಣಕಾಲೆತ್ತರದ ತಡೆ ಕಟ್ಟಿದರು. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು. ನಾನೂ ಹೋಗಿ ಕಲ್ಲು ಹೊತ್ತೆ. ಒಂದು ಬೇಸಿಗೆಯೆಲ್ಲ ಹೊತ್ತೆ. ಕಲ್ಲು ಹೊರುವುದು ನಿಜ ಹೇಳುವುದಕ್ಕಿಂತ ಹಗುರ — ಅಷ್ಟೇ ಅದರ ಗುಟ್ಟು. ಆದರೆ ಊರು ಮತ್ತೆ ನನ್ನನ್ನೇ ಹೊಗಳಿತು.

ಆ ಹೊಲ ಈಗ ನೋಡಬೇಕು ನೀವು. ಮಣ್ಣು ಕಾಲಿಟ್ಟರೆ ಮೆತ್ತಗಿದೆ. ಅವರೆ ಹೂವು ಬಿಟ್ಟಾಗ ದಾರಿಯವರೆಗೂ ಘಮ. ಅವಳೂ ಚೆನ್ನಾಗಿದ್ದಾಳೆ. ಅದನ್ನು ಹೇಳಿ ನನ್ನ ತಪ್ಪನ್ನು ಚಿಕ್ಕದು ಮಾಡಿಕೊಳ್ಳುವ ಆಸೆ ಎಷ್ಟೋ ಸಲ ಬಂದಿದೆ. "ಎಲ್ಲಾ ಒಳ್ಳೇದಕ್ಕೇ ಆಯಿತು" ಎಂದು ನಮ್ಮನೆಯವರ ಹತ್ತಿರ ಒಮ್ಮೆ ಅಂದೂಬಿಟ್ಟೆ. ಅವರು ಕಾಫಿ ಲೋಟ ಕೆಳಗಿಟ್ಟು, "ಒಳ್ಳೇದು ಮಾಡ್ಕಂಡೋಳು ಅವ್ಳು. ನೀನಲ್ಲ" ಎಂದರು. ಮಾತು ಕಡಿಮೆ ಆಡುವ ಗಂಡಸರ ಹತ್ತಿರ ಇದೇ ಕಷ್ಟ.

ಹೋದ ಮಳೆಗಾಲದಲ್ಲಿ ಒಂದು ದೊಡ್ಡ ಮಳೆ ಬಂತು. ಹೊಂಗೆ ಕವಲಿನ ಮೇಲ್ಗಡೆಯ ಎರಡು ಕಲ್ಲು ತಡೆ ಕಿತ್ತುಹೋದವು. ನೀರು ನೇರವಾಗಿ ನುಗ್ಗಿ ಜಯಮ್ಮನ ಹೊಲದ ಅಂಚನ್ನು ತಿನ್ನತೊಡಗಿತು. ಅಷ್ಟು ವರ್ಷ ಕೂಡಿಟ್ಟ ಮಣ್ಣು, ಒಂದು ಹಲಸಿನ ಗಿಡ ಸಮೇತ, ಕೊರಕಲಿಗೆ ಇಳಿಯಿತು. ಇದು ಇಬ್ಬರು ವಯಸ್ಸಾದವರು ಕಲ್ಲು ಜೋಡಿಸಿ ನಿಲ್ಲಿಸುವ ಕೆಲಸ ಅಲ್ಲ, ಗಟ್ಟಿ ಕಟ್ಟೆಯೇ ಬೇಕು. ಅವಳು ಪಂಚಾಯ್ತಿಗೆ ಅರ್ಜಿ ಕೊಟ್ಟಳು. ಅರ್ಜಿ ಬರೆದುಕೊಟ್ಟವಳು ನಾನು. ಅದು ವಾಪಸ್ ಬಂತು. ನಕ್ಷೆಯ ಪ್ರಕಾರ ಅದು ಒಣ ಕವಲು, ಅಲ್ಲಿಗೆ ಕಟ್ಟೆ ಕೊಡಲು ಬರುವುದಿಲ್ಲ.

ಕಾರಣ ಕೇಳಲು ನಾನು ಪಂಚಾಯ್ತಿಗೆ ಹೋದೆ. ಗೋಡೆಯ ಎದುರು ಒಬ್ಬ ಹೊಸ ಇಂಜಿನಿಯರ್ ಹುಡುಗಿ ಫೋನು ಹಿಡಿದು ನಕ್ಷೆಯ ಫೋಟೋ ತೆಗೆಯುತ್ತಿದ್ದಳು. ಮುಂದಿನ ವರ್ಷಗಳ ನೀರಿನ ಕೆಲಸಕ್ಕೆಲ್ಲ ಇದನ್ನೇ ಕಂಪ್ಯೂಟರಿಗೆ ಹಾಕುತ್ತಾರಂತೆ. ಜಯಮ್ಮನ ಅರ್ಜಿಯ ಮಾತು ಎತ್ತಿದೆ.

"ಒಬ್ಬರು ಬಂದು ನೀರಿದೆ ಅಂದರೆ ಹೇಗಮ್ಮಾ? ಇದು ಇಡೀ ಊರು ಕೂತು ಬರೆದ ನಕ್ಷೆ. ನಿಮ್ಮದೇ ಕೈಯಂತೆ! ಎಷ್ಟು ಚೆನ್ನಾಗಿದೆ ಗೊತ್ತಾ? ವಾರ ಬಿಟ್ಟು ಬಣ್ಣ ತರಿಸ್ತೀನಿ, ಮಾಸಿರೋ ಕಡೆ ನೀವೇ ತಿದ್ದಿಬಿಡಿ. ಆಮೇಲೆ ಇದನ್ನೇ ತಗೋತೀವಿ."

ಹದಿನೆಂಟು ವರ್ಷದ ಹಿಂದೆ ಇನ್ನೊಬ್ಬರು "ಅಬ್ಬಾ" ಎಂದಿದ್ದರಲ್ಲ, ಅದೇ ದನಿ. ನಾನು ಹೂಂ ಎಂದು ತಲೆಯಾಡಿಸಿ ಹೊರಗೆ ಬಂದೆ. ಆದರೆ ಮನೆಗೆ ಹೋಗಲಿಲ್ಲ. ಕಾಲು ಹೊಂಗೆ ಕಡೆ ತಿರುಗಿತು.

ಜಯಮ್ಮ ಅವರೆಕಾಯಿ ಕೊಯ್ಯುತ್ತಿದ್ದಳು. ಮಧ್ಯಾಹ್ನದ ಬಿಸಿಲು ಹಿತವಾಗಿತ್ತು. ಕವಲಿನಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು, ಸಂಕ್ರಾಂತಿ ಕಳೆದು ಐದಾರು ದಿನವಾಗಿತ್ತು ಅಷ್ಟೇ. ನಾನೂ ಸೆರಗು ಕಟ್ಟಿ ಅವಳ ಪಕ್ಕದ ಸಾಲಿಗೆ ಇಳಿದೆ. ನಾಲ್ಕು ಗಿಡ ದಾಟುವಷ್ಟರಲ್ಲಿ ಹೇಳಿಬಿಟ್ಟೆ. ಮೇಡಂ ಬರೆದುಕೊಂಡದ್ದಲ್ಲ, ನಾನು ಬರೆದದ್ದು ಎಂದು. ನೀಲಿ ಬಟ್ಟಲು, ಬಿಳಿ ಬಟ್ಟಲು, ನಾನು ಆಡಿದ ಮಾತು — ಎಲ್ಲ ಹೇಳಿದೆ. ಹೇಳುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅವಳು ಕೈ ನಿಲ್ಲಿಸಲಿಲ್ಲ. ಒಂದೊಂದೇ ಕಾಯಿ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಾ ಸಾಲಿನ ಕೊನೆಯವರೆಗೂ ಹೋದಳು. ಅಲ್ಲಿ ನಿಂತು ಒಂದೇ ಒಂದು ಮಾತು ಕೇಳಿದಳು.

"ಆವತ್ತು ಬೆಳಗ್ಗೆ ನಾನ್ ಬಂದು ಹೇಳ್ದಾಗ್ಲೇ ನಿನ್ ಮನ್ಸಲ್ಲಿ ಇತ್ತಾ? ಇಲ್ಲಾ, ಆಮೇಲ್ ಬಂತಾ?"

ಆಮೇಲೆ ಬಂತು ಎಂದಿದ್ದರೆ ಅವಳಿಗೂ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ನಾಲಿಗೆ ತುದಿಗೆ ಬಂದಿತ್ತು.

"ಆಗ್ಲೇ ಇತ್ತು ಕಣೆ."

ಅವಳು ಮಡಿಲು ಬಿಚ್ಚಿ ಕಾಯನ್ನು ಚೀಲಕ್ಕೆ ಸುರಿದಳು. "ನೀನ್ ಮನೆಗೋಗಕ್ಕ" ಎಂದಳು. ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು — ಅಷ್ಟು ವರ್ಷ ಆ ಮೇಡಂಗೆ ಹೋದ ಬೈಗುಳವೆಲ್ಲ ನನ್ನದೇ ಆಗಿತ್ತಲ್ಲ. ಪ್ರತಿ ವರ್ಷ ಅವರೆ ಕಾಲದಲ್ಲಿ ಅವಳ ಹೊಲದಿಂದ ನಮ್ಮ ಮನೆಗೆ ಒಂದು ಚೀಲ ಕಾಯಿ ಬರುತ್ತಿತ್ತು. ಈ ಸಲ ಬರಲಿಲ್ಲ. ನಮ್ಮನೆಯವರು ಎಂಟು ದಿನ ಹುರುಳಿ ಸಾರು ಉಂಡರು.

ಬಣ್ಣ ತಿದ್ದುವ ದಿನ ಗ್ರಾಮಸಭೆಯೂ ಇತ್ತು. ಹೊಂಗೆ ಕಡೆಯವರು, ಬಂಡೆ ಕಡೆಯವರು, ಎಲ್ಲ ಸೇರಿದ್ದರು. ಜಯಮ್ಮ ಹಿಂದೆ ಕಂಬದ ಹತ್ತಿರ ಕೂತಿದ್ದಳು. ನಾನು ಎದ್ದು ನಿಂತು ಹೇಳಿದೆ. ಸುತ್ತಿ ಬಳಸದೆ ಹೇಳಿದೆ: ಈ ನಕ್ಷೆ ಊರು ಬರೆದದ್ದಲ್ಲ, ನಾನು ಬರೆದದ್ದು. ಎರಡು ಕವಲಿನ ಬಣ್ಣ ಅದಲು ಬದಲು ಮಾಡಿದೆ. ಇಂಜಿನಿಯರ್ ಹುಡುಗಿಯ ಮುಖ ನೋಡಿ, "ಈಗಲೇ ಬನ್ನಿ ಮೇಡಂ, ಹೊಂಗೆ ಕವಲಲ್ಲಿ ಕಾಲಿಟ್ಟು ನೋಡಿ" ಎಂದೆ.

ನನ್ನ ಭಾವನವರು, ನಮ್ಮನೆಯವರ ಅಣ್ಣ, ಕೂತಲ್ಲಿಂದಲೇ ಗುಡುಗಿದರು: "ಹದಿನೆಂಟು ವರ್ಷ ಉಂಡ್ಬುಟ್ಟು ಈಗ ಎಲ್ರ ಎಲೆನೂ ಮಗುಚ್ತಾವ್ಳೆ ನೋಡ್ರಪ್ಪ!"

ಅವರ ಸಿಟ್ಟಿಗೆ ಅರ್ಥವಿತ್ತು. ನಮ್ಮ ಕಟ್ಟೆಯಲ್ಲಿ ವರ್ಷಾ ವರ್ಷ ಹೂಳು ತುಂಬುತ್ತದೆ. ಅದನ್ನು ತೆಗೆಸುವ ಕೆಲಸ ನೀಲಿ ಬಣ್ಣದ ಬಲದಿಂದಲೇ ಮಂಜೂರಾಗುತ್ತಿತ್ತು. ಇನ್ನು ಮುಂದೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಾರದಿದ್ದರೆ ನಾವೇ ಗುದ್ದಲಿ ಹಿಡಿಯಬೇಕು. ಹಿಡಿಯುತ್ತೇನೆ. ಉಂಡದ್ದರ ಮಾತು ಮಾತ್ರ ಭಾವ ಸರಿಯಾಗಿಯೇ ಹೇಳಿದರು.

ಇಂಜಿನಿಯರ್ ಹುಡುಗಿ ಹೋಗಿ ನೋಡಿ ಬಂದಳು. ಚಪ್ಪಲಿ ಕೈಯಲ್ಲಿತ್ತು, ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ಕೊರಕಲಿನ ಅಳತೆ ಬರೆದುಕೊಂಡಿದ್ದಳು. ಬಣ್ಣದ ಡಬ್ಬಗಳನ್ನೂ ಬ್ರಷ್ಷನ್ನೂ ಗೋಡೆಯ ಬುಡದಲ್ಲಿಟ್ಟು, "ತಿದ್ದಿ" ಎಂದಳು.

ನಾನು ಬ್ರಷ್ಷಿಗೆ ಕೈ ಚಾಚಿದೆ. ಅಷ್ಟರಲ್ಲಿ ಜಯಮ್ಮ ಎದ್ದು ಬಂದು ಅದನ್ನು ತೆಗೆದುಕೊಂಡಳು.

"ನಮ್ ಹಳ್ಳ ನಾನೇ ಬರೀತೀನಿ. ನೀನ್ ಡಬ್ಬ ಹಿಡ್ಕೊ."

ನೀಲಿ ಡಬ್ಬ ಹಿಡಿದು ನಿಂತೆ. ಅವಳಿಗೆ ರಂಗೋಲಿ ಎಂದೂ ಬಂದದ್ದಲ್ಲ. ಹಬ್ಬದ ದಿನ ಅವಳ ಬಾಗಿಲಿಗೂ ನಾನೇ ಹೋಗಿ ಎಳೆದು ಬರುತ್ತಿದ್ದೆ. ಗುಡ್ಡದಿಂದ ಶುರು ಮಾಡಿದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಣ್ಣ ಸೋರಿ ಯಾರದೋ ಮಾವಿನ ತೋಪಿಗೆ ಇಳಿಯಿತು. ತಿದ್ದಲು ನನ್ನ ಕೈ ತುರಿಸುತ್ತಿತ್ತು. ಸುಮ್ಮನಿದ್ದೆ. ಅವಳು ತನ್ನ ಹೊಲದ ಹತ್ತಿರ ಬಂದಾಗ ನಿಂತು, "ಇನ್ನೊಸಿ ಎತ್ತಿ ಹಿಡಿ" ಎಂದಳು. ಎತ್ತಿ ಹಿಡಿದೆ.

ಹೊಂಗೆ ಕವಲು ಮುಗಿಯಿತು. ಅವಳು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚಿಂದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಬಂಡೆ ಕವಲಿನ ಕಡೆಗೆ ಗಲ್ಲ ಎತ್ತಿ ತೋರಿಸಿದಳು.

"ಇದನ್ನ ನೀನ್ ಬರಿ."

ಬಿಳಿ ಬಣ್ಣದಲ್ಲಿ ಅದ್ದಿ ನನ್ನ ಹಳೆಯ ನೀಲಿಯ ಮೇಲೆ ಎಳೆದೆ. ಈ ಸಲ ಗೆರೆ ನೆಟ್ಟಗೆ ಬರಲಿಲ್ಲ. ಒಂದು ಸಲ ಬಳಿದರೆ ಅಡಿಯಿಂದ ನೀಲಿ ಕಾಣುತ್ತಿತ್ತು. ಒಣಗಲು ಬಿಟ್ಟು ಎರಡನೇ ಸಲ ಬಳಿಯಬೇಕಾಯಿತು. ಸಭೆ ಮುಗಿದು ಜನ ಎದ್ದು ಹೋದರು. ಜಯಮ್ಮ ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಮುಖವೂ ನನಗಿಲ್ಲ. ಅಷ್ಟು ಹೊತ್ತೂ ಅವಳು ನನ್ನ ಪಕ್ಕದಲ್ಲಿ ಬಿಳಿ ಡಬ್ಬ ಹಿಡಿದುಕೊಂಡು ನಿಂತಿದ್ದಳು.